ಶೂರ್ಪನಖಿಗೂ ಒಂದು ಬಾಲ್ಯ ಇತ್ತಲ್ಲ?

ತುಂಬಾ ದಿನ ಆಯ್ತು ಇಲ್ಲಿ ಏನೂ ಬರೆಯದೆ. ಕುಟ್ಟೋಣ ಅಂತ ಕೂತಾಗ ಕರೆಂಟು ಇರೋಲ್ಲ, ಕರೆಂಟು ಇದ್ದಾಗ ಮನಸ್ಸಿರೋಲ್ಲ. ಈ ಸಲ ಬರೆಸಿದವಳು ಅಕ್ಕನ ಮಗಳು. ವಯಸ್ಸು ಹನ್ನೊಂದು. ಪುಣೆಯಲ್ಲಿ ಓದುತ್ತಾಳೆ, ರಜೆಗೆ ಬಾಗಲಕೋಟೆಗೆ ಬಂದಿದ್ದಳು.

ಬರುವಾಗ ಬ್ಯಾಗಿನಲ್ಲಿ ಒಂದು ದಪ್ಪ ಇಂಗ್ಲಿಷ್ ಚಿತ್ರಕಾದಂಬರಿ ತಂದಿದ್ದಳು. ಹೆಸರು ಬೇಡ, ಅಂಥವು ಈಗ ಡಜನ್ನುಗಟ್ಟಲೆ ಸಿಗುತ್ತವೆ. ಪುಟ ತುಂಬ ಕಪ್ಪು, ನೀಲಿ, ನೇರಳೆ ಬಣ್ಣ. ಕಾಡು, ಎಲುಬು, ಕಾಗೆ. ನಡುವೆ ಒಬ್ಬ ಹುಡುಗಿ. ಅವಳು ಮಾಟಗಾತಿ. ಮುದುಕಿಯಲ್ಲ, ಇವಳ ವಯಸ್ಸಿನವಳೇ. ಅಜ್ಜಿಯ ಹತ್ತಿರ ವಿದ್ಯೆ ಕಲಿಯುತ್ತಾಳೆ, ತಪ್ಪು ಮಾಡುತ್ತಾಳೆ, ಹೆದರುತ್ತಾಳೆ, ಮತ್ತೆ ಕಲಿಯುತ್ತಾಳೆ. ಊಟಕ್ಕೆ ಕರೆದರೂ ನಮ್ಮ ಹುಡುಗಿ ಪುಸ್ತಕ ಬಿಟ್ಟು ಏಳಲಿಲ್ಲ.

ನಮ್ಮವ್ವ ಇಣುಕಿ ನೋಡಿದಳು. "ಶಿವನ, ಇಂಥಾ ಪುಸ್ತಕ ಯಾಕ ಕೊಡಸ್ತೀರಿ ಹುಡುಗರಿಗೆ? ರಾತ್ರಿ ಬೆಚ್ಚಿ ಎದ್ರ ಯಾರು ನೋಡ್ಕೋಬೇಕು? ಇವೆಲ್ಲಾ ಪರದೇಶದ ಹುಚ್ಚು" ಅಂದಳು. ನಾನೂ ಹೌದೆಂದು ತಲೆ ಆಡಿಸಿದೆ. ಅವ್ವನ ಮುಂದೆ ತಲೆ ಆಡಿಸುವುದು ನನ್ನ ಹಳೇ ಚಾಳಿ.

ಮರುದಿನ ಹುಡುಗಿಯನ್ನು ಬಾದಾಮಿಗೆ ಕರೆದುಕೊಂಡು ಹೋದೆ. 'ಪರದೇಶದ ಹುಚ್ಚು' ಎಂಬ ಮಾತು ಅಲ್ಲಿಗೆ ಮುರಿದುಬಿತ್ತು.

ಅಗಸ್ತ್ಯತೀರ್ಥದ ಮೆಟ್ಟಿಲ ಮೇಲೆ ಕೂತು (ಶೇಂಗಾ ಪೊಟ್ಟಣವನ್ನು ಮಂಗ್ಯಾ ಕಸಿದುಕೊಂಡ ಮೇಲೆ ಬೇರೆ ಕೆಲಸ ಇರಲಿಲ್ಲ) ಅವಳಿಗೆ ವಾತಾಪಿಯ ಕಥೆ ಹೇಳಿದೆ. ನಿಮಗೆಲ್ಲ ಗೊತ್ತಿರುವುದೇ. ಇಲ್ವಲ, ವಾತಾಪಿ ಎಂಬ ರಕ್ಕಸ ಅಣ್ಣತಮ್ಮಂದಿರು. ತಮ್ಮ ಟಗರಾಗುತ್ತಾನೆ. ಅಣ್ಣ ಅವನನ್ನು ಕಡಿದು, ಅಡಿಗೆ ಮಾಡಿ, ದಾರಿಹೋಕ ಬ್ರಾಹ್ಮಣರನ್ನು ಕರೆದು ಬಡಿಸುತ್ತಾನೆ. ಉಂಡಾದ ಮೇಲೆ "ವಾತಾಪಿ, ಹೊರಗೆ ಬಾ" ಅನ್ನುತ್ತಾನೆ. ತಮ್ಮ ಹೊಟ್ಟೆ ಬಗೆದುಕೊಂಡು ಬರುತ್ತಾನೆ. ಕೊನೆಗೆ ಅಗಸ್ತ್ಯರು ಉಂಡು, ಹೊಟ್ಟೆ ನೀವಿಕೊಂಡು, ಅವನನ್ನು ಒಳಗೇ ಜೀರ್ಣ ಮಾಡಿಕೊಂಡುಬಿಡುತ್ತಾರೆ. ಇದು ಮಹಾಭಾರತದ ವನಪರ್ವದಲ್ಲಿದೆ. ಬಾದಾಮಿಯ ಹಳೆಯ ಹೆಸರೇ ವಾತಾಪಿ. ನಮ್ಮ ಕಡೆ ಕೂಸಿಗೆ ಹಾಲು ಕುಡಿಸಿದ ಮೇಲೆ ಹೊಟ್ಟೆ ಸವರಿ 'ವಾತಾಪಿ ಜೀರ್ಣೋಭವ' ಅನ್ನುತ್ತಾರೆ. ಇದೇ ಅಕ್ಕನ ಮಗಳ ಹೊಟ್ಟೆ ಸವರಿ ಹಾಗೆಂದವಳು ಇದೇ ನಮ್ಮವ್ವ!

ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ "ಮಾಮಾ, ಇದು ನನ್ನ ಪುಸ್ತಕಕ್ಕಿಂತ ಡಾರ್ಕ್ ಐತಿ" ಅಂದಳು.

ಐತಿ. ಹಾಗಾಗಿ ಕತ್ತಲೆ ಕಥೆ ಎಲ್ಲಿಂದಲೋ ಆಮದಾದ ಸರಕು ಎನ್ನುವುದನ್ನು ಬಿಡೋಣ. ಚಿತ್ರದಲ್ಲಿ ಕಥೆ ಹೇಳುವುದಾದರೂ ಆಮದೇ? ಅದೂ ಅಲ್ಲ. ಬಾದಾಮಿಯ ಮೂರನೆಯ ಗುಹೆ ಮಂಗಳೇಶನ ಕಾಲದ್ದು, 578ರ ಶಾಸನ ಅಲ್ಲೇ ಇದೆ. ಆ ಗುಹೆಗಳಲ್ಲಿ ದೊಡ್ಡ ದೊಡ್ಡ ವರಾಹ, ತ್ರಿವಿಕ್ರಮರನ್ನು ನೋಡಿ ಎಲ್ಲರೂ ಫೋಟೋ ಹೊಡೆದುಕೊಂಡು ಹೊರಡುತ್ತಾರೆ. ತಲೆ ಎತ್ತಿ ಮೇಲಿನ ಅಂಚು ನೋಡುವವರು ಕಡಿಮೆ. ಅಲ್ಲಿ ಗೇಣುದ್ದದ ಗೊಂಬೆಗಳ ಉದ್ದನೆಯ ಪಟ್ಟಿಗಳಿವೆ. ಸಮುದ್ರ ಮಥನ, ಕೃಷ್ಣನ ಬಾಲ್ಯ, ಹೀಗೆ ಒಂದಾದ ಮೇಲೊಂದು ಸನ್ನಿವೇಶ. ಪುರಾತತ್ವ ಇಲಾಖೆಯ ಆರ್.ಡಿ. ಬ್ಯಾನರ್ಜಿ 1928ರಲ್ಲಿ ಈ ಪಟ್ಟಿಗಳ ಮೇಲೆಯೇ ಒಂದು ಇಡೀ ಪುಸ್ತಕ ಬರೆದರು. ಕೃಷ್ಣನ ಪಟ್ಟಿಯಲ್ಲಿ ಪೂತನಿ ಇದ್ದಾಳೆ. ಮೊಲೆಗೆ ವಿಷ ಹಚ್ಚಿಕೊಂಡು, ಚೆಂದದ ಹೆಂಗಸಿನ ವೇಷದಲ್ಲಿ ಬಂದು, ಕೂಸಿನ ಕೈಯಲ್ಲೇ ಸತ್ತವಳು.

ಪೂತನಿಯ ಬಗ್ಗೆ ಒಂದು ಅಡ್ಡಮಾತು. ಸುಶ್ರುತ ಸಂಹಿತೆಯಲ್ಲಿ ಕೂಸುಗಳನ್ನು ಹಿಡಿಯುವ ಒಂಬತ್ತು ಬಾಲಗ್ರಹಗಳ ಪಟ್ಟಿ ಇದೆ. ಅದರಲ್ಲಿ ಪೂತನಾ ಒಂದು, ಅಂಧಪೂತನಾ ಇನ್ನೊಂದು, ಶೀತಪೂತನಾ ಮತ್ತೊಂದು. ಅಂದರೆ ಹಸುಗೂಸಿನ ಕಾಯಿಲೆಗೆ ಇಟ್ಟ ಹೆಸರು ಅದು. ಕೂಸು ಸತ್ತರೆ ಯಾರನ್ನಾದರೂ ಬೈಯಬೇಕಲ್ಲ, ಒಬ್ಬ ಹೆಂಗಸಿನ ಹೆಸರಿಟ್ಟು ಬೈದರು. ಭಾಗವತ ಮಾತ್ರ ಅವಳ ವಿಷಯದಲ್ಲಿ ದೊಡ್ಡ ಮನಸ್ಸು ಮಾಡಿದೆ. ಹೇಗೇ ಇರಲಿ, ಕೂಸಿಗೆ ಮೊಲೆ ಕೊಟ್ಟವಳು ಅಂತ ತಾಯಿಗೆ ಸಿಗುವ ಗತಿಯನ್ನೇ ಅವಳಿಗೂ ಕೊಡಿಸಿದೆ.

ಬನಶಂಕರಿಯಲ್ಲಿ ರೊಟ್ಟಿ, ಬದನೆಕಾಯಿ ಪಲ್ಯ, ಗಡಿಗೆ ಮೊಸರು ಉಂಡು ಪಟ್ಟದಕಲ್ಲಿಗೆ ಹೋದೆವು. ನೀವು ಹೋದರೆ ಎಲ್ಲರ ಹಾಗೆ ವಿರೂಪಾಕ್ಷ ಗುಡಿ ನೋಡಿ ವಾಪಸು ಬರಬೇಡಿ. ದಕ್ಷಿಣಕ್ಕೆ ಸ್ವಲ್ಪ ನಡೆದರೆ ಪಾಪನಾಥ ಗುಡಿ ಸಿಗುತ್ತದೆ. ಎಂಟನೇ ಶತಮಾನದ್ದು. ಅದರ ದಕ್ಷಿಣದ ಗೋಡೆಯ ಉದ್ದಕ್ಕೂ ರಾಮಾಯಣ, ಚೌಕ ಚೌಕವಾಗಿ. ಅಷ್ಟೇ ಅಲ್ಲ, ಗೊಂಬೆಗಳ ಬಳಿ ಪಾತ್ರಗಳ ಹೆಸರು ಕೊರೆದಿದ್ದಾರೆ. ಚಿತ್ರ, ಚೌಕಟ್ಟು, ಜತೆಗೆ ಅಕ್ಷರ. ಕಾಮಿಕ್ಸ್ ಅಂದರೆ ಇನ್ನೇನು ಸ್ವಾಮಿ? ರೇವಡಿ ಓವಜ್ಜ ಎಂಬ ಶಿಲ್ಪಿಯ ಹೆಸರೂ ಈ ಗುಡಿಯ ಮೇಲಿದೆ, ಈಗಿನ ಪುಸ್ತಕಗಳಲ್ಲಿ 'ಚಿತ್ರಗಳು: ಇಂಥವರು' ಅಂತ ಇರುತ್ತದಲ್ಲ, ಹಾಗೆ.

ವಿರೂಪಾಕ್ಷ ಗುಡಿ ಎರಡನೆಯ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು, ಗಂಡ ಕಂಚಿಯನ್ನು ಗೆದ್ದ ನೆನಪಿಗೆ. ಒಳಗೆ ಕಂಬ ಕಂಬಕ್ಕೂ ಕಥೆ. ಅಲ್ಲಿ ಶೂರ್ಪನಖಿಯ ಮುಂದೆ ಹುಡುಗಿ ನಿಂತುಬಿಟ್ಟಳು.

"ಇಕಿ ಯಾರು?"

"ಶೂರ್ಪನಖಿ. ರಾವಣನ ತಂಗಿ."

"ಹಂಗಂದ್ರ ಏನು?"

"ಶೂರ್ಪ ಅಂದ್ರ ಮರ, ಕಾಳು ಕೇರೋದು. ಮರದಂಥಾ ಉಗುರು ಇದ್ದಾಕಿ."

ಅವಳು ಕೇಳಿದ್ದು ಇಷ್ಟೇ: "ಯಾವ ಅವ್ವ ತನ್ನ ಮಗಳಿಗೆ ಹಂಗ ಹೆಸರಿಡ್ತಾಳ ಮಾಮಾ? ಸಣ್ಣಾಕಿ ಇದ್ದಾಗ ಇಕಿ ಹೆಸರು ಏನಿತ್ತು?"

ಉತ್ತರಕ್ಕೆ ಆಮೇಲೆ ಬರುತ್ತೇನೆ. ಮೊದಲು ನನ್ನ ಕಾಲದ ಪುಸ್ತಕಗಳ ವಿಷಯ ಹೇಳದಿದ್ದರೆ ಆ ಪ್ರಶ್ನೆ ನನಗೆ ಯಾಕೆ ಚುಚ್ಚಿತು ಅಂತ ಗೊತ್ತಾಗುವುದಿಲ್ಲ.

ನಮ್ಮ ತಲೆಮಾರಿನವರಿಗೆ ಮಾಟಗಾತಿಯ ಮುಖ ಕೊಟ್ಟಿದ್ದು ಚಂದಮಾಮ. 1947ರ ಜುಲೈನಲ್ಲಿ ನಾಗಿರೆಡ್ಡಿ, ಚಕ್ರಪಾಣಿ ತೆಲುಗು ಮತ್ತು ತಮಿಳಿನಲ್ಲಿ ಶುರು ಮಾಡಿದರು, ಕೆಲವೇ ಕಾಲದಲ್ಲಿ ಕನ್ನಡಕ್ಕೂ ಬಂತು. ಶಂಕರ್ ಬರೆದ ವಿಕ್ರಮ-ಬೇತಾಳದ ಚಿತ್ರ ಕಣ್ಣು ಮುಚ್ಚಿದರೂ ಕಾಣುತ್ತದೆ: ಹೆಗಲ ಮೇಲೆ ಹೆಣ, ಕೈಯಲ್ಲಿ ಕತ್ತಿ, ಸುತ್ತ ಸ್ಮಶಾನ. (ಶಂಕರ್ 2020ರಲ್ಲಿ ತೀರಿಕೊಂಡರು. ಚಂದಮಾಮ ಅದಕ್ಕೂ ಮೊದಲೇ, 2013ರಲ್ಲಿ ನಿಂತಿತ್ತು.) ದಾಸರಿ ಸುಬ್ರಹ್ಮಣ್ಯಂ ಬರೆಯುತ್ತಿದ್ದ ಧಾರಾವಾಹಿಗಳಲ್ಲಂತೂ ಮಂತ್ರವಾದಿಗಳದೇ ಕಾರುಬಾರು, ಅದಕ್ಕೆ 'ಚಿತ್ರಾ' ಅವರ ಚಿತ್ರಗಳು. ಹುಡುಗರ ಪತ್ರಿಕೆ ಅಂತ ಯಾರೂ ಕತ್ತಲೆಗೆ ಸುಣ್ಣ ಬಳಿಯಲಿಲ್ಲ. ಆದರೆ ಅದರೊಳಗಿನ ಮಾಟಗಾತಿ ನನಗೆ ನೆನಪಿರುವ ಮಟ್ಟಿಗೆ ಯಾವಾಗಲೂ ಮುದುಕಿ. ಗೂನು ಬೆನ್ನು, ಕೊಕ್ಕೆ ಮೂಗು, ಕೆದರಿದ ಬಿಳಿ ಕೂದಲು.

ಇನ್ನೊಂದು ಸಾಲು ಪುಸ್ತಕ ಅಮರ ಚಿತ್ರ ಕಥೆ. ಅದರ ಹುಟ್ಟಿನ ವಿಷಯ ಕನ್ನಡಿಗರಲ್ಲೇ ಬಹಳ ಜನಕ್ಕೆ ಗೊತ್ತಿಲ್ಲ ಅಂತ ನನ್ನ ಅನಿಸಿಕೆ. ಇಂಗ್ಲಿಷಿನಲ್ಲಿ ಅನಂತ ಪೈ ತಂದ ಮೊದಲ ಪುಸ್ತಕ 'ಕೃಷ್ಣ', ಅದರ ಕ್ರಮಸಂಖ್ಯೆ 11. ಹಾಗಾದರೆ ಮೊದಲ ಹತ್ತು ಎಲ್ಲಿ ಹೋದವು? 1965ರಲ್ಲಿ ಬೆಂಗಳೂರಿನಲ್ಲಿ ಇಂಡಿಯಾ ಬುಕ್ ಹೌಸಿನ ಜಿ.ಕೆ. ಅನಂತರಾಮ್ ಅಮರ ಚಿತ್ರ ಕಥೆ ಎಂಬ ಹೆಸರಿನಲ್ಲಿ ಹೊರತಂದಿದ್ದು ಕನ್ನಡದಲ್ಲಿ! ಅಮೆರಿಕದ 'ಕ್ಲಾಸಿಕ್ಸ್ ಇಲ್ಲಸ್ಟ್ರೇಟೆಡ್ ಜೂನಿಯರ್' ಮಾಲೆಯ ಚಿತ್ರಗಳಿಗೆ ನಮ್ಮ ಭಾಷೆಯ ಮಾತು ಕೂರಿಸಿದ್ದರು. ಸಿಂಡ್ರೆಲ್ಲಾ, ಸ್ನೋವೈಟ್, ಸ್ಲೀಪಿಂಗ್ ಬ್ಯೂಟಿ, ವಿಝರ್ಡ್ ಆಫ್ ಆಝ್, ಇಂಥವು. ಅವು ಓಡಿದ್ದನ್ನು ನೋಡಿದ ಮೇಲೆ ನಮ್ಮ ಕಥೆಗಳನ್ನೇ ಮಾಡಿದರೆ ಹೇಗೆ ಎಂಬ ಯೋಚನೆ ಬಂತು. ಭಾರತದ ಪುರಾಣಗಳನ್ನೆಲ್ಲ ಕಾಮಿಕ್ಸಿಗೆ ಇಳಿಸಿದ ಆ ದೊಡ್ಡ ಮಾಲೆ ಹೀಗೆ ಕನ್ನಡದಲ್ಲಿ, ಅದೂ ಮಾಟಗಾತಿಯರೊಂದಿಗೆ ಶುರುವಾಯಿತು. (ಪೈ ಅವರೂ ಕಾರ್ಕಳದವರೇ ಬಿಡಿ.)

ಆ ಹತ್ತರಲ್ಲಿ 'ಆಝ್' ಕಥೆ ಒಂದು ವಿಶೇಷ. 1900ರಲ್ಲಿ ಅದನ್ನು ಬರೆದವನು ಫ್ರಾಂಕ್ ಬಾಮ್. ಅವನ ಅತ್ತೆ, ಅಂದರೆ ಹೆಂಡತಿಯ ತಾಯಿ, ಮಟಿಲ್ಡಾ ಜೋಸ್ಲಿನ್ ಗೇಜ್. ಹೆಂಗಸರ ಮತದ ಹಕ್ಕಿಗಾಗಿ ಹೋರಾಡಿದವಳು. 1893ರಲ್ಲಿ ಒಂದು ಪುಸ್ತಕ ಬರೆದು, ಯುರೋಪಿನಲ್ಲಿ ಮಾಟಗಾತಿಯರೆಂದು ಸುಟ್ಟಿದ್ದು ಬೇರು, ಸೊಪ್ಪು, ಔಷಧ ತಿಳಿದ ಹೆಂಗಸರನ್ನು ಎಂದು ವಾದಿಸಿದಳು. ಎಲ್ಲ ಕಡೆ ಆ ಮಾತು ಸರಿಯಲ್ಲ ಅಂತ ಈಗಿನ ಇತಿಹಾಸಕಾರರು ಹೇಳುತ್ತಾರೆ, ಇರಲಿ. ಅಳಿಯನ ಕಥೆಯಲ್ಲಿ ಕೆಟ್ಟ ಮಾಟಗಾತಿಯರ ಜತೆಗೆ ಒಳ್ಳೆಯ ಮಾಟಗಾತಿಯರೂ ಇರುವುದಕ್ಕೆ ಅತ್ತೆಯೇ ಕಾರಣ ಅಂತ ಹೇಳುವವರು ಬಹಳ ಜನ. ಅತ್ತೆಯ ಮಾತು ಅಳಿಯ ಕೇಳಿದ ಅಪರೂಪದ ಉದಾಹರಣೆ :-)

ಹುಡುಗಿ ಮಾಟಗಾತಿ ಚಿತ್ರಪುಸ್ತಕಕ್ಕೆ ಬಂದಿದ್ದೂ ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ. ಜರ್ಮನಿಯಲ್ಲಿ ಆಟ್‌ಫ್ರೀಡ್ ಪ್ರಾಯ್ಸ್‌ಲರ್ 1957ರಲ್ಲಿ 'ಪುಟ್ಟ ಮಾಟಗಾತಿ' ಬರೆದ. ಅವಳಿಗೆ ವಯಸ್ಸು ಬರೀ 127, ಆದ್ದರಿಂದ ದೊಡ್ಡ ಮಾಟಗಾತಿಯರ ಕುಣಿತಕ್ಕೆ ಅವಳನ್ನು ಸೇರಿಸುವುದಿಲ್ಲ! ಜಪಾನಿನಲ್ಲಿ ಮಿತ್ಸುತೆರು ಯೊಕೊಯಾಮ 1966ರಲ್ಲಿ 'ಸ್ಯಾಲಿ' ಎಂಬ ಮಾಟಗಾತಿ ಹುಡುಗಿಯ ಚಿತ್ರಕಥೆ ಬರೆದ, ಅದೇ ವರ್ಷ ಅದು ಟೀವಿಗೂ ಬಂತು. 1985ರಲ್ಲಿ ಎಯಿಕೊ ಕದೊನೊ ಎಂಬಾಕೆ 'ಕಿಕಿ'ಯನ್ನು ಬರೆದರು. ಹದಿಮೂರು ತುಂಬಿದ ಕಿಕಿ ಮನೆ ಬಿಟ್ಟು ಪರಊರಿಗೆ ಹೋಗಿ, ಕಸಬರಿಗೆ ಮೇಲೆ ಹಾರಿ ಸಾಮಾನು ತಲುಪಿಸಿ ಬದುಕುತ್ತಾಳೆ. ಮಿಯಾಝಾಕಿ 1989ರಲ್ಲಿ ಅದನ್ನು ಸಿನಿಮಾ ಮಾಡಿದ, ನೋಡಿರದಿದ್ದರೆ ನೋಡಿ. ನಮ್ಮ ಹುಡುಗಿಯ ಕೈಯಲ್ಲಿದ್ದ ಕಪ್ಪು-ನೀಲಿ ಪುಸ್ತಕ ಈ ವಂಶದ್ದು. ಕಲಿಯುವ, ತಪ್ಪುವ, ವಯಸ್ಸಿಗೆ ಬರುವ ಮಾಟಗಾತಿ.

ಅದು ನನ್ನ ಓಣಿಗೆ ಬರಲಿಲ್ಲ. ಬಂದಿದ್ದರೆ ಅಂತ ಒಮ್ಮೊಮ್ಮೆ ಅನಿಸುತ್ತದೆ.

ಹಳೇ ಬಾಗಲಕೋಟೆಯಲ್ಲಿ ನಮ್ಮ ಓಣಿಯ ತುದಿಗೆ ಒಬ್ಬಾಕೆ ಮುದುಕಿ ಇದ್ದಳು. ಎಲ್ಲರೂ ಆಯಿ ಅನ್ನುತ್ತಿದ್ದರು. ಗಂಡ ಸತ್ತು ಎಷ್ಟೋ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಕೂಸು ರಚ್ಚೆ ಹಿಡಿದರೆ ದೃಷ್ಟಿ ತೆಗೆಯುತ್ತಿದ್ದಳು, ಕಾಲು ಉಳುಕಿದರೆ ನೀವುತ್ತಿದ್ದಳು, ಕೆಮ್ಮಿಗೆ ಏನೋ ಸೊಪ್ಪು ಅರೆದು ಕೊಡುತ್ತಿದ್ದಳು. ನನಗೂ ಕೊಟ್ಟಿದ್ದಾಳೆ. ಕಹಿ ಇನ್ನೂ ನೆನಪಿದೆ.

ನಾನು ಆಗ ಐದನೆತ್ತೆ. ಚಿತ್ರ ತೆಗೆಯುವುದರಲ್ಲಿ ಓಣಿಗೆ ನಾನೇ ಶಂಕರ್. ಒಂದು ದಿನ ಗೆಳೆಯರು ಕೆಣಕಿದರು ಅಂತ, ಚಂದಮಾಮದ ಮಾಟಗಾತಿಯನ್ನು ನೋಡಿಕೊಂಡು ಆಯಿಯ ಬಾಗಿಲ ಪಕ್ಕದ ಗೋಡೆಯ ಮೇಲೆ ಇದ್ದಿಲಿನಿಂದ ಬರೆದೆ. ಗೂನು ಬೆನ್ನು, ಕೊಕ್ಕೆ ಮೂಗು. ಕೆಳಗೆ 'ಮಾಟಗಾತಿ' ಅಂತ ದಪ್ಪ ಅಕ್ಷರದಲ್ಲಿ ಬರೆದೆ. ಪಾಪನಾಥ ಗುಡಿಯ ಶಿಲ್ಪಿಯ ಹಾಗೆ ನಾನೂ ಹೆಸರು ಹಾಕಿದ್ದೆ. ಆಯಿ ಅದನ್ನು ತೊಳೆದಳು. ನಾನು ಮತ್ತೆ ಬರೆದೆ. ಬಹುಶಃ ನಾಕೈದು ಸಲ ಹೀಗಾಯಿತು. ಆಯಿ ಬೈಯಲಿಲ್ಲ. ಹುಡುಗರಿಗೆ ನಗು. ದೊಡ್ಡವರೂ ನೋಡಿ ಸುಮ್ಮನೆ ನಕ್ಕು ಹೋದರು.

ಅದೇ ಮಳೆಗಾಲ ಓಣಿಯಲ್ಲಿ ಎರಡು ಕೂಸುಗಳಿಗೆ ಜ್ವರ ಬಂತು. ಒಂದು ಉಳಿಯಲಿಲ್ಲ. ಆಮೇಲೆ ಆಯಿಯ ಹತ್ತಿರ ಕೂಸು ಕರೆದುಕೊಂಡು ಹೋಗುವುದು ನಿಂತಿತು. ಆಮೇಲೆ ಅವಳಿಗೆ ಮಜ್ಜಿಗೆ ಕೊಡುವುದು ನಿಂತಿತು. ಅವಳು ಬೋರಿಗೆ ಬಂದರೆ ಹೆಂಗಸರು ಕೊಡ ಎತ್ತಿಕೊಂಡು ಸರಿಯುತ್ತಿದ್ದರು. ಯಾರೂ ಜೋರಾಗಿ ಆ ಮಾತು ಅನ್ನಲಿಲ್ಲ. ಅನ್ನುವ ಅಗತ್ಯ ಇರಲಿಲ್ಲ, ಗೋಡೆಯ ಮೇಲೆ ಬರೆದಿತ್ತಲ್ಲ. ಕೊನೆಯ ಸಲ ಬರೆದ ಚಿತ್ರವನ್ನು ಆಯಿ ತೊಳೆಯಲಿಲ್ಲ. ದೀಪಾವಳಿಗೆ ಮುಂಚೆ ಮನೆಗೆ ಕೀಲಿ ಹಾಕಿ ಎಲ್ಲಿಗೋ ಹೋದಳು, ತಮ್ಮನ ಮನೆ ಅಂದರು. ಮತ್ತೆ ಬರಲಿಲ್ಲ. ಆ ಓಣಿ ಈಗ ಇಲ್ಲ, ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿತು. ನಾವೆಲ್ಲ ನವನಗರಕ್ಕೆ ಬಂದೆವು.

ಇದನ್ನು ಎಲ್ಲಿಯೂ ಬರೆದಿರಲಿಲ್ಲ. ಅವ್ವನಿಗೂ ಚಿತ್ರ ತೆಗೆದವನು ನಾನು ಅಂತ ಹೇಳಿರಲಿಲ್ಲ. ಈಗ ಗೊತ್ತಾಗುತ್ತದೆ. ಪರವಾಗಿಲ್ಲ.

ಹುಡುಗಿಯ ಪ್ರಶ್ನೆಗೆ ಬರುತ್ತೇನೆ. ಶೂರ್ಪನಖಿ ಕಂಬದ ಮೇಲೆ ಬರುವ ಹೊತ್ತಿಗೆ ಅವಳ ಕಥೆ ಮುಕ್ಕಾಲು ಮುಗಿದಿದೆ. ವಾಲ್ಮೀಕಿಯ ಉತ್ತರಕಾಂಡ ತೆಗೆದರೆ ಹಿಂದಿನದು ಸಿಗುತ್ತದೆ. ಅವಳ ಗಂಡ ವಿದ್ಯುಜ್ಜಿಹ್ವ. ರಾವಣ ಕಾಲಕೇಯರ ಮೇಲೆ ಯುದ್ಧಕ್ಕೆ ಹೋದಾಗ ಆ ಗದ್ದಲದಲ್ಲಿ ತಂಗಿಯ ಗಂಡನನ್ನೇ ಕೊಂದುಬಿಡುತ್ತಾನೆ. ತಂಗಿ ಬಂದು ಅತ್ತು ಕೇಳುತ್ತಾಳೆ. ಅಣ್ಣ ಸಮಾಧಾನ ಹೇಳಿ, ಖರನ ಜತೆ ದಂಡಕಾರಣ್ಯಕ್ಕೆ ಕಳಿಸುತ್ತಾನೆ. ಕಾಡಿನಲ್ಲಿ ರಾಮನನ್ನು ಕಂಡವಳು ಅಣ್ಣನ ಕೈಯಲ್ಲೇ ವಿಧವೆಯಾದ ಹೆಂಗಸು. ಮೂಗು ಕೊಯ್ಯುವ ಚೌಕದಲ್ಲಿ ಇದಕ್ಕೆ ಜಾಗವಿಲ್ಲ. ಕಂಬದ ಮೇಲೂ ಇಲ್ಲ, ಕಾಮಿಕ್ಸಿನಲ್ಲೂ ಇಲ್ಲ.

ಹೆಸರಿನ ವಿಷಯಕ್ಕೆ ಉತ್ತರ ಇನ್ನೂ ಹತ್ತಿರದಲ್ಲಿದೆ. ಬ್ರಿಟಿಷರು 1864ರಲ್ಲಿ ಮಾಡಿದ ಕಲಾದಗಿ ಜಿಲ್ಲೆ ಗೊತ್ತಲ್ಲ? 1885ರಲ್ಲಿ ಕಚೇರಿ ವಿಜಾಪುರಕ್ಕೆ ಹೋಯಿತು, ನಮ್ಮಜ್ಜನ ಊರಾದ ಕಲಾದಗಿಗೆ ದಾಳಿಂಬೆ, ಚಿಕ್ಕು ಮಾತ್ರ ಉಳಿದವು. ಆ ವಿಜಾಪುರಕ್ಕೆ ಸೇರಿದ ಕವಿ ನಾಗಚಂದ್ರ, ಅಭಿನವ ಪಂಪ. ಅಲ್ಲಿ ಮಲ್ಲಿನಾಥನ ಬಸದಿ ಕಟ್ಟಿಸಿದವನು. ಸುಮಾರು 1100ರ ಹೊತ್ತಿಗೆ ಅವನು ಬರೆದ 'ರಾಮಚಂದ್ರಚರಿತಪುರಾಣ', ಅಂದರೆ ಪಂಪರಾಮಾಯಣ, ಜೈನರ ಪರಂಪರೆಯದು. ಅದರಲ್ಲಿ ಶೂರ್ಪನಖಿ ಎಂಬ ಹೆಸರಿಲ್ಲ. ಅವಳು ಚಂದ್ರನಖಿ. ಚಂದ್ರನಂಥ ಉಗುರಿನವಳು!

ಅಲ್ಲಿ ಅವಳು ತಾಯಿ. ಮಗ ಶಂಬೂಕ ಬಿದಿರ ಮೆಳೆಯೊಳಗೆ ಕೂತು ಸೂರ್ಯಹಾಸ ಎಂಬ ಖಡ್ಗಕ್ಕಾಗಿ ತಪಸ್ಸು ಮಾಡುತ್ತಿರುತ್ತಾನೆ. ಖಡ್ಗ ಬರುತ್ತದೆ, ಆದರೆ ಅದು ಸಿಗುವುದು ಆ ದಾರಿಯಲ್ಲಿ ಬಂದ ಲಕ್ಷ್ಮಣನಿಗೆ. ಎಷ್ಟು ಹರಿತ ಇದೆ ನೋಡೋಣ ಅಂತ ಮೆಳೆಯ ಮೇಲೆ ಬೀಸುತ್ತಾನೆ. ಬಿದಿರಿನ ಜತೆ ಒಳಗಿದ್ದ ಹುಡುಗನೂ ಹೋಗುತ್ತಾನೆ. ಮಗನನ್ನು ನೋಡಲು ಬಂದ ಚಂದ್ರನಖಿಗೆ ಕಾಣುವುದು ಕಡಿದುಬಿದ್ದ ತಲೆ. ಮುಂದೆ ಅವಳು ರಾಮ ಲಕ್ಷ್ಮಣರಿಗೆ ಮನಸೋಲುವುದು, ಅವರು ಒಲ್ಲೆನ್ನುವುದು ಎಲ್ಲ ಇದೆ. ಮೂಗು ಕೊಯ್ಯುವುದು ಮಾತ್ರ ಇಲ್ಲ. ಕುವೆಂಪು 1949ರಲ್ಲಿ 'ಶ್ರೀ ರಾಮಾಯಣ ದರ್ಶನಂ' ಬರೆದಾಗ ಮತ್ತೆ ಈ ಚಂದ್ರನಖಿ ಎಂಬ ಹೆಸರನ್ನೇ ಎತ್ತಿಕೊಂಡರು.

ಪಟ್ಟದಕಲ್ಲಿನಿಂದ ವಾಪಸು ಬರುವ ಬಸ್ಸಿನಲ್ಲಿ ಇದನ್ನೆಲ್ಲ ಹೇಳಿದೆ. "ಚಂದ್ರನಖಿ" ಅಂತ ಎರಡು ಸಲ ಅಂದು ನೋಡಿದಳು. ತನ್ನ ಉಗುರು ನೋಡಿಕೊಂಡಳು. ಅಚ್ಚಬಿಳಿ ಚಂದ್ರ ಎಲ್ಲರ ಉಗುರಲ್ಲೂ ಇರುತ್ತದಲ್ಲ, ಬುಡದಲ್ಲಿ, ಅದನ್ನು ತೋರಿಸಿದಳು. ನನಗೆ ಇಷ್ಟು ವರ್ಷ ಹೊಳೆದಿರಲಿಲ್ಲ.

ಮನೆಗೆ ಬಂದ ಮೇಲೆ ಆಯಿಯ ಕಥೆಯನ್ನೂ ಹೇಳಿದೆ, ಅವ್ವ ಅಡಿಗೆ ಮನೆಯಲ್ಲಿದ್ದಾಗ. "ನೀ ಸಾರಿ ಅಂದಿ?" ಅಂದಳು. ಇಲ್ಲ ಅಂದೆ. ಅವಳೇನೂ ಹೇಳಲಿಲ್ಲ. ಸಂಜೆ ಹಾಳೆ ಕೇಳಿದಳು. ಊರಿಗೆ ಹೋಗುವ ಹೊತ್ತಿಗೆ ಆರು ಪುಟ ಆಗಿತ್ತು. ಲಂಕೆಯಲ್ಲಿ ಒಂದು ಹುಡುಗಿ, ಎರಡು ಜಡೆ, ಮೂವರು ಅಣ್ಣಂದಿರು ಅವಳನ್ನು ಆಟಕ್ಕೆ ಸೇರಿಸುತ್ತಿಲ್ಲ. ಅವಳು ಮೆಟ್ಟಿಲ ಮೇಲೆ ಕೂತು ಒಂದು ಟಗರಿಗೆ ಹುಲ್ಲು ಹಾಕುತ್ತಿದ್ದಾಳೆ. ಟಗರಿನ ಕೊರಳಲ್ಲಿ ಪಟ್ಟಿ, ಅದರ ಮೇಲೆ 'ವಾತಾಪಿ' ಅಂತ ಬರೆದಿದೆ. ಅವ್ವ ಚಿತ್ರ ನೋಡಿ "ಟಗರು ಚೊಲೋ ಬಂದೈತಿ" ಅಂದಳು. ಮುಂದಿನ ರಜೆಗೆ ಉಳಿದದ್ದು ಮುಗಿಸುತ್ತಾಳಂತೆ. ಕನ್ನಡ ಅಕ್ಷರ ನಾನು ಬರೆದುಕೊಡಬೇಕು.

ನಿಮ್ಮಲ್ಲಿ ಒಂದು ಕೇಳಿಕೆ. 1965ರ ಆ ಕನ್ನಡ ಅಮರ ಚಿತ್ರ ಕಥೆಗಳು, ಆ ಮೊದಲ ಹತ್ತು, ಯಾರ ಮನೆಯ ಅಟ್ಟದಲ್ಲಾದರೂ ಇದ್ದರೆ ದಯವಿಟ್ಟು ತಿಳಿಸಿ. ರಟ್ಟು ಹರಿದಿದ್ದರೂ ಅಡ್ಡಿಯಿಲ್ಲ. ಕೊಡುವುದು ಬೇಡ, ಒಂದು ಸಲ ಪುಟ ತಿರುವಿ ನೋಡಿದರೆ ಸಾಕು. ಬಾಗಲಕೋಟೆಯಿಂದ ಬಸ್ಸು ಹಿಡಿದು ಬರುತ್ತೇನೆ. ಬರುವಾಗ ಕಲಾದಗಿ ಚಿಕ್ಕು ತರುತ್ತೇನೆ.